ಪೋಲರೂ ಬ್ರಿಟಿಷರೂ: ಒಬ್ಬರ ಕಣ್ಣಲ್ಲಿ ಒಬ್ಬರು

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಸೇರಿದ್ದ ಭಾನುವಾರದ ಓದುಕೂಟದಲ್ಲಿ ಮಾಡಿದ ಭಾಷಣ)



ಸಭೆ ಶುರುವಾಗುವ ಮುಂಚೆ ನಮಗೆಲ್ಲ ಚಹಾ ಕೊಟ್ಟಿರಿ. ಆ ಚಹಾದಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ. ಚಹಾಕ್ಕೆ ಹಾಲು ಬೆರೆಸಿ ಕುಡಿಯುವುದು ನಮಗೆ ಹೇಗೋ ಇಂಗ್ಲಿಷಿನವನಿಗೂ ಹಾಗೆಯೇ. ಆದರೆ ಪೋಲೆಂಡಿನವನು ಚಹಾಕ್ಕೆ ನಿಂಬೆಯ ಹೋಳು ಹಾಕಿ ಕುಡಿಯುವವನು. ಹಾಲು ಹಾಕಿದ ಚಹಾಕ್ಕೆ ಅವನ ಭಾಷೆಯಲ್ಲಿ 'ಬವಾರ್ಕಾ' ಎಂಬ ಬೇರೆಯೇ ಹೆಸರಿದೆ. ಬಾಣಂತಿಗೆ ಎದೆಹಾಲು ಹೆಚ್ಚಲಿ ಎಂದು ಕೊಡುತ್ತಿದ್ದ ಪಾನೀಯ ಅದು. ಮೊದಲ ಸಲ ಇಂಗ್ಲೆಂಡಿಗೆ ಹೋದ ಪೋಲಿಷ್ ಕೂಲಿಯಾಳು, ಮೈಕೈ ಗಟ್ಟಿಯಾದ ಗಾರೆಯವರು ದಿನಕ್ಕೆ ನಾಲ್ಕು ಸಲ ಬಾಣಂತಿಯ ಚಹಾ ಕುಡಿಯುವುದನ್ನು ಕಂಡು ಒಳಗೊಳಗೇ ನಕ್ಕರೆ ಆಶ್ಚರ್ಯವೇನು?

ಇನ್ನೊಂದು ಮಾತು ಕೇಳಿ. ಯಾರಿಗೂ ಹೇಳದೆ ಕೂಟದಿಂದ ಎದ್ದು ಹೋಗುವುದಕ್ಕೆ ಪೋಲಿಷ್ ಭಾಷೆಯಲ್ಲಿ 'ಇಂಗ್ಲಿಷರಂತೆ ಹೋಗುವುದು' ಎನ್ನುತ್ತಾರೆ. ಅದೇ ಕೆಲಸಕ್ಕೆ ಇಂಗ್ಲಿಷರು ಫ್ರೆಂಚರ ಹೆಸರು ಇಟ್ಟಿದ್ದಾರೆ. ಕೆಟ್ಟ ನಡತೆ ಯಾವಾಗಲೂ ಪಕ್ಕದೂರಿನವನದೇ ಆಗಿರುತ್ತದಲ್ಲವೇ!

ನಗುವ ಮಾತು ಹಾಗಿರಲಿ. ದೂರದ ಬೆಟ್ಟ ನುಣ್ಣಗೆ ಎಂದು ನಾವು ಅನ್ನುತ್ತೇವೆ. ಈ ಎರಡು ಜನಾಂಗಗಳ ಕಥೆಯಲ್ಲಿ ಬೆಟ್ಟವೇ ನಡೆದು ಬಂದು ಪಕ್ಕದ ಮನೆಯಲ್ಲಿ ನಿಂತಿದೆ. ಒಂದು ಸಲವಲ್ಲ, ಹಲವು ಸಲ. ಪ್ರತಿ ಸಲವೂ ಬಂದವನನ್ನು ಕಂಡ ಕಣ್ಣು ಬೇರೆ. ಕಣ್ಣು ಏಕೆ ಬದಲಾಯಿತು? ಈ ದಿನ ನಾವು ವಿಚಾರ ಮಾಡಬೇಕಾದದ್ದು ಅದನ್ನೇ.

ಮೊದಲು ವರ್ತಕ ಬಂಧುಗಳಿಗೆ ಒಂದು ಪ್ರಶ್ನೆ. ಪೋಲರು ಬ್ರಿಟನ್ನಿಗೆ ಹೊಟ್ಟೆಪಾಡಿಗೆ ಹೋದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ನಾನೂರು ವರ್ಷ ಮೊದಲು ಬ್ರಿಟನ್ನಿನ ಬಡವರು ಪೋಲೆಂಡಿಗೆ ಹೊಟ್ಟೆಪಾಡಿಗೆ ಹೋದದ್ದು ಎಷ್ಟು ಜನಕ್ಕೆ ಗೊತ್ತು? ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಸ್ಕಾಟ್ಲೆಂಡಿನಲ್ಲಿ ಬಡತನ, ಬರ, ಮತದ ಜಗಳ. ಬಾಲ್ಟಿಕ್ ಸಮುದ್ರದ ಆಚೆ ಪೋಲೆಂಡು ದವಸ ತುಂಬಿದ ದೊಡ್ಡ ರಾಜ್ಯ. ಹಡಗು ಹತ್ತಿ ಬಂದ ಸ್ಕಾಟರು ಬಟ್ಟೆ, ಸೂಜಿ, ಕತ್ತರಿ, ಚಾಕುಗಳ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿದರು. ತಿರುಗು ವ್ಯಾಪಾರಿಗೇ ಅಲ್ಲಿ 'ಸ್ಕಾಟ್' ಎಂಬ ಹೆಸರು ಬಿತ್ತು. 1632ರಲ್ಲಿ ತನ್ನ ಪ್ರವಾಸದ ಪುಸ್ತಕ ಅಚ್ಚುಹಾಕಿಸಿದ ವಿಲಿಯಂ ಲಿತ್‌ಗೋ ಎಂಬ ಸ್ಕಾಟ್, ಪೋಲೆಂಡಿನಲ್ಲಿ ತನ್ನವರ 30,000 ಕುಟುಂಬಗಳಿವೆ ಎಂದು ಬರೆದ. ಲೆಕ್ಕ ಕೊಂಚ ಉಬ್ಬಿರಬಹುದು. ಜನ ಮಾತ್ರ ದಂಡಿಯಾಗಿದ್ದರು. ಗ್ಡಾನ್ಸ್ಕ್ ಬಂದರಿನಲ್ಲಿ 'ಹಳೆಯ ಸ್ಕಾಟರು' ಎಂದು ಒಂದು ಕೇರಿಗೇ ಹೆಸರಾಯಿತು.

ಊರಿನ ಅಂಗಡಿಕಾರರು ಅವರನ್ನು ಹೇಗೆ ಕಂಡರು? ಇವರು ತೆರಿಗೆ ಕೊಡುವುದಿಲ್ಲ, ಅಗ್ಗಕ್ಕೆ ಮಾರುತ್ತಾರೆ, ನಮ್ಮ ಗಿರಾಕಿಗಳನ್ನು ಕಸಿಯುತ್ತಾರೆ, ತಮ್ಮವರ ಜೊತೆಯೇ ಕೂಡುತ್ತಾರೆ ಎಂದು ವರ್ತಕರ ಸಂಘಗಳು ಮೇಲಿಂದ ಮೇಲೆ ದೂರು ಕೊಟ್ಟವು. ಆದರೂ ಎರಡು ಮೂರು ತಲೆಮಾರಿನಲ್ಲಿ ಅವರ ಮಕ್ಕಳು ಪೋಲರೇ ಆಗಿಹೋದರು. ಚಾಮರ್ಸ್ ವಂಶದ ಅಲೆಕ್ಸಾಂಡರ್ ಎಂಬ ಸ್ಕಾಟ್, ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ, ರಾಜಧಾನಿ ವಾರ್ಸಾಕ್ಕೆ ನಾಲ್ಕು ಸಲ ಮೇಯರ್ ಆದ. ಅಂಗಡಿಕಾರರ ದೂರಿನ ಮಾತುಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಅವೇ ಮಾತುಗಳು ಮುಂದೆ ದಿಕ್ಕು ಬದಲಿಸಿಕೊಂಡು ಬರುತ್ತವೆ.

ಈಗ 1939ಕ್ಕೆ ಬರೋಣ. ಆ ವರ್ಷ ಸೆಪ್ಟೆಂಬರ್ 1ರಂದು ಹಿಟ್ಲರನು ಪೋಲೆಂಡಿನ ಮೇಲೆ ಬಿದ್ದ. 17ರಂದು ಪೂರ್ವದಿಂದ ಸೋವಿಯತ್ ಸೈನ್ಯ ಒಳಹೊಕ್ಕಿತು. ದೇಶ ಕಳೆದುಕೊಂಡ ಪೋಲಿಷ್ ಸೈನಿಕರು ಯಾವ ಯಾವುದೋ ದಾರಿ ಹಿಡಿದು ಬ್ರಿಟನ್ನು ಸೇರಿದರು. 1940ರಲ್ಲಿ ಲಂಡನ್ನಿನ ಮೇಲೆ ಜರ್ಮನ್ ವಿಮಾನಗಳು ಬಾಂಬು ಸುರಿಸಿದಾಗ, ಆ ಕಾಳಗದಲ್ಲಿ 145 ಮಂದಿ ಪೋಲಿಷ್ ವಿಮಾನ ಚಾಲಕರು ಹೋರಾಡಿದರು. ಅವರ 303ನೆಯ ದಳವೊಂದೇ ಆರು ವಾರಗಳಲ್ಲಿ 126 ಶತ್ರು ವಿಮಾನಗಳನ್ನು ಉರುಳಿಸಿತೆಂದು ದಾಖಲೆ ಬರೆದರು. ಆ ಲೆಕ್ಕವನ್ನು ಇತಿಹಾಸಕಾರರು ಆಮೇಲೆ ಕಡಿಮೆ ಮಾಡಿದ್ದುಂಟು. ಶೌರ್ಯವನ್ನು ಯಾರೂ ಅಲ್ಲಗಳೆದಿಲ್ಲ. ಜರ್ಮನರ ಎನಿಗ್ಮಾ ಗುಪ್ತಲಿಪಿ ಯಂತ್ರದ ಬೀಗವನ್ನು ಮೊದಲು ತೆಗೆದವರೂ ಮಾರಿಯನ್ ರೆಯೆವ್‌ಸ್ಕಿ ಮೊದಲಾದ ಪೋಲಿಷ್ ಗಣಿತಜ್ಞರೇ. ಯುದ್ಧಕ್ಕೆ ಕೆಲವೇ ವಾರ ಮೊದಲು, 1939ರ ಜುಲೈಯಲ್ಲಿ, ಆ ವಿದ್ಯೆಯನ್ನು ಅವರು ಬ್ರಿಟಿಷರ ಕೈಗೆ ಇಟ್ಟರು. ಆಗ ಪೋಲನೆಂದರೆ ಬ್ರಿಟಿಷರಿಗೆ ವೀರ.

ಯುದ್ಧ ಮುಗಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? 1945ರ ಯಾಲ್ಟಾ ಮಾತುಕತೆಯಲ್ಲಿ ದೊಡ್ಡವರು ಮೂವರು ಕೂತು ಪೋಲೆಂಡಿನ ಪೂರ್ವಭಾಗವನ್ನು ಸೋವಿಯತ್ತಿಗೆ ಬಿಟ್ಟರು. ಎಷ್ಟೋ ಸೈನಿಕರ ಹುಟ್ಟೂರೇ ಬೇರೆ ದೇಶವಾಯಿತು. 1946ರ ಜೂನ್ 8ರಂದು ಲಂಡನ್ನಿನಲ್ಲಿ ವಿಜಯದ ಮೆರವಣಿಗೆ ನಡೆದಾಗ, ಇಟಲಿಯ ಮೊಂಟೆ ಕಸ್ಸಿನೊ ಬೆಟ್ಟದ ಮೇಲೆ ರಕ್ತ ಹರಿಸಿದ ಪೋಲಿಷ್ ಸೇನೆಗೆ ಅಲ್ಲಿ ಜಾಗವಿರಲಿಲ್ಲ. ವಿಮಾನ ದಳದ ಕೆಲವರಿಗಷ್ಟೇ ಕರೆ ಹೋಯಿತು. ನಮ್ಮ ಜೊತೆಯವರಿಗಿಲ್ಲದ ಮರ್ಯಾದೆ ನಮಗೂ ಬೇಡ ಎಂದು ಅವರು ಹೋಗಲಿಲ್ಲ. ಬ್ರಿಟಿಷರು ಕೊಟ್ಟ ಮಾತಿಗೆ ತಪ್ಪುವವರು ಎಂಬ ನೋವು ಪೋಲರ ಮನಸ್ಸಿನಲ್ಲಿ ಆಗ ಊರಿದ್ದು ಸುಲಭವಾಗಿ ಹೋಗಲಿಲ್ಲ.

ಈ ಕಥೆಯ ಒಂದು ಎಳೆ ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದಲ್ಲಿಯೂ ಇದೆ. ಸೋವಿಯತ್ ಅಧಿಕಾರಿಗಳು ಸೈಬೀರಿಯಾ, ಕಜಾಕಸ್ತಾನಗಳಿಗೆ ಸಾಗಹಾಕಿದ್ದ ಪೋಲಿಷ್ ಕುಟುಂಬಗಳಲ್ಲಿ ಸುಮಾರು 5,000 ಜನ, ಹೆಚ್ಚಿನವರು ಹೆಂಗಸರೂ ಮಕ್ಕಳೂ, ಇರಾನಿನ ಮಾರ್ಗವಾಗಿ ಬಂದು 1943ರಿಂದ 1948ರವರೆಗೆ ಕೊಲ್ಹಾಪುರದ ಹತ್ತಿರದ ವಳಿವಡೆಯ ಶಿಬಿರದಲ್ಲಿ ಇದ್ದರು. ಶಿಬಿರ ಮುಚ್ಚಿದಾಗ ಅವರಲ್ಲಿ ಬಹಳ ಮಂದಿ ಹೋದದ್ದು ಬ್ರಿಟನ್ನಿಗೆ, ಸೈನ್ಯದಲ್ಲಿದ್ದ ಗಂಡನನ್ನೋ ತಂದೆಯನ್ನೋ ಸೇರಲು.

1947ರಲ್ಲಿ ಬ್ರಿಟಿಷ್ ಸರ್ಕಾರ ಪೋಲರ ಪುನರ್ವಸತಿಗೆಂದು ಕಾಯಿದೆ ಮಾಡಿತು. 1951ರ ಜನಗಣತಿಯಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರು 1,60,000ಕ್ಕಿಂತ ಹೆಚ್ಚು ಇದ್ದರು. ಸೈನ್ಯ ಬಿಟ್ಟುಹೋದ ಶಿಬಿರಗಳ ಬಾಗಿದ ತಗಡಿನ ಗುಡಿಸಲುಗಳಲ್ಲಿ ಸಂಸಾರ ಹೂಡಿದರು. ಕಲ್ಲಿದ್ದಲ ಗಣಿ, ಬ್ರಾಡ್‌ಫರ್ಡಿನ ಉಣ್ಣೆ ಗಿರಣಿ, ಹೊಲ, ಹೋಟೆಲು, ಎಲ್ಲಿ ಆಳು ಸಾಲದೋ ಅಲ್ಲಿ ಅವರಿಗೆ ಕೆಲಸ. ಒಂದು ಟ್ಯಾಂಕು ಪಡೆಯನ್ನೇ ನಡೆಸಿದ್ದ ಜನರಲ್ ಮಾಚೆಕ್ ಎಡಿನ್‌ಬರೋದ ಹೋಟೆಲಿನಲ್ಲಿ ಮದ್ಯ ಸುರಿದುಕೊಡುವ ಕೆಲಸಕ್ಕೆ ನಿಂತರು. ಜನರಲ್ ಸೊಸಬೊವ್‌ಸ್ಕಿ ಕಾರ್ಖಾನೆಯ ಉಗ್ರಾಣ ನೋಡಿಕೊಂಡರು.

ಇಲ್ಲಿ ನಾವು, ಕಾರ್ಮಿಕರು, ತಲೆ ತಗ್ಗಿಸಬೇಕಾದ ಮಾತೊಂದಿದೆ. ಇವರನ್ನು ಬೇಡವೆಂದವರಲ್ಲಿ ಬ್ರಿಟಿಷ್ ಕಾರ್ಮಿಕ ಸಂಘಗಳೂ ಸೇರಿದ್ದವು. ಮೂವತ್ತರ ದಶಕದ ನಿರುದ್ಯೋಗವನ್ನು ಕಂಡ ಜನ ಅವರು; ಹೊಟ್ಟೆಯ ಹೆದರಿಕೆ ಸುಳ್ಳಲ್ಲ. ಆದರೂ ಗಣಿ ಕಾರ್ಮಿಕರ ಎಷ್ಟೋ ಶಾಖೆಗಳು ಪೋಲರ ಜೊತೆ ಗಣಿಗೆ ಇಳಿಯುವುದಿಲ್ಲವೆಂದವು. ಕೊನೆಗೆ ಆದ ಒಪ್ಪಂದವೇನು? ಪೋಲರು ಸಂಘ ಸೇರಬೇಕು. ಆದರೆ ಕೆಲಸ ಕಡಿಮೆಯಾದರೆ ಮೊದಲು ಮನೆಗೆ ಹೋಗುವವರೂ ಅವರೇ. ಚಂದಾ ಸಮಾನ, ಆಪತ್ತು ಮಾತ್ರ ಅಸಮಾನ! ಆರು ವರ್ಷ ಹಿಂದೆ ವೀರನಾಗಿದ್ದವನು ಆರೇ ವರ್ಷಕ್ಕೆ ಅನ್ನ ಕಸಿಯುವವನಾದ. ಮನುಷ್ಯ ಅವನೇ. ಬದಲಾದದ್ದು ಅವನು ನಿಂತ ಜಾಗ: ಆಕಾಶದಿಂದ ಇಳಿದು ಗಿರಣಿಯ ಬಾಗಿಲಿಗೆ ಬಂದಿದ್ದ.

ಆ ಮೇಲಿನ ಐವತ್ತು ವರ್ಷವನ್ನು ಬೇಗ ದಾಟೋಣ. ಅವರು ಚರ್ಚು ಕಟ್ಟಿದರು, ಶನಿವಾರದ ಶಾಲೆಗಳಲ್ಲಿ ಮಕ್ಕಳಿಗೆ ಪೋಲಿಷ್ ಕಲಿಸಿದರು, ಸದ್ದಿಲ್ಲದೆ ನೆರೆಯವರಾದರು. 2004ರ ಮೇ 1ರಂದು ಪೋಲೆಂಡು ಐರೋಪ್ಯ ಒಕ್ಕೂಟ ಸೇರಿತು. ಆಗ ಅಲ್ಲಿ ನಿರುದ್ಯೋಗ ನೂರಕ್ಕೆ ಹತ್ತೊಂಬತ್ತರ ಸುಮಾರು. ದೊಡ್ಡ ದೇಶಗಳಲ್ಲಿ ಕೆಲಸದ ಬಾಗಿಲನ್ನು ಕೂಡಲೇ ತೆರೆದದ್ದು ಬ್ರಿಟನ್ ಒಂದೇ. ಜೊತೆಗೆ ಐರ್ಲೆಂಡ್, ಸ್ವೀಡನ್ ಇದ್ದವು. ಬ್ರಿಟಿಷ್ ಸರ್ಕಾರ ಬರೆಸಿದ ಅಂದಾಜಿನಲ್ಲಿ ವರ್ಷಕ್ಕೆ 5,000ದಿಂದ 13,000 ಜನ ಎಂದಿತ್ತು. ಜರ್ಮನಿಯೂ ಬಾಗಿಲು ತೆರೆದೀತೆಂಬ ಲೆಕ್ಕ ಅದು, ಜರ್ಮನಿ ತೆರೆಯಲಿಲ್ಲ. 2011ರ ಗಣತಿಯ ಹೊತ್ತಿಗೆ ಇಂಗ್ಲೆಂಡು, ವೇಲ್ಸ್ ಎರಡರಲ್ಲೇ ಪೋಲೆಂಡಿನಲ್ಲಿ ಹುಟ್ಟಿದವರು 5,79,000. ಇಂಗ್ಲಿಷನ್ನು ಬಿಟ್ಟರೆ ಅತಿ ಹೆಚ್ಚು ಜನರ ಮುಖ್ಯ ಭಾಷೆ ಪೋಲಿಷ್ ಆಗಿತ್ತು.

ಲಂಡನ್ನಿನ ವಿಕ್ಟೋರಿಯಾ ಬಸ್ಸು ನಿಲ್ದಾಣದಲ್ಲಿ ಚೀಲ ಹೊತ್ತು ಇಳಿದವರಲ್ಲಿ ಪದವೀಧರರೂ ಇದ್ದರು. ಅವರಿಗೆ ಸಿಕ್ಕಿದ್ದು ತರಕಾರಿ ಕಟ್ಟುವ ಕೆಲಸ, ಇಟ್ಟಿಗೆ ಹೊರುವ ಕೆಲಸ, ಹೋಟೆಲಿನ ಪಾತ್ರೆ. ಊರಲ್ಲಿ ಉಳಿದವರು ಅವರನ್ನು 'ಪಾತ್ರೆ ತೊಟ್ಟಿಗೆ ಹೋದವರು' ಎಂದು ಹೀಯಾಳಿಸಿದರು. ಅದೇ ಪಾತ್ರೆ ತೊಟ್ಟಿಯ ಹಣ ಊರಲ್ಲಿ ಮನೆ ಕಟ್ಟಿತೆಂಬುದು ಬೇರೆ ಮಾತು.

ಹೋದವರು ಇಂಗ್ಲಿಷರಲ್ಲಿ ಏನು ಕಂಡರು? ಬಿಸಿನೀರಿಗೊಂದು, ತಣ್ಣೀರಿಗೊಂದು ಬೇರೆ ಬೇರೆ ನಲ್ಲಿ. ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ಇಂಗ್ಲಿಷರು 'ಹೇಗಿದ್ದೀರಿ' ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ. ಪೋಲನು ಪಾಪ, ಸೊಂಟನೋವಿನಿಂದ ಹಿಡಿದು ಎಲ್ಲವನ್ನೂ ಹೇಳಲು ಶುರುಮಾಡಿರುತ್ತಾನೆ. ಇಂಗ್ಲಿಷರಿಗೆ ಪೋಲರು ಮುಖಕ್ಕೆ ಹೊಡೆದಂತೆ ಮಾತಾಡುವವರು. ಪೋಲರಿಗೆ ಇಂಗ್ಲಿಷರು ಬಾಯಲ್ಲೊಂದು ಮನಸ್ಸಲ್ಲೊಂದು ಇಟ್ಟವರು. ಆದರೆ ಕಚೇರಿಯಲ್ಲಿ ಗುಮಾಸ್ತೆ ಬಯ್ಯದೆ ಕೆಲಸ ಮಾಡಿಕೊಟ್ಟ, ಸಾಲಿನಲ್ಲಿ ಯಾರೂ ನುಗ್ಗಲಿಲ್ಲ ಎಂದು ಮೆಚ್ಚಿದವರೂ ಅವರೇ.

ಮೀನಿನ ಜಗಳವನ್ನಂತೂ ಕೇಳಲೇಬೇಕು. ಇಂಗ್ಲಿಷ್ ಹವ್ಯಾಸಿ ಕೆರೆಯಲ್ಲಿ ಗಂಟೆಗಟ್ಟಲೆ ಗಾಳ ಹಾಕಿ ಕೂತು, ಹಿಡಿದ ಮೀನನ್ನು ಮುದ್ದಿಸಿ ಮತ್ತೆ ನೀರಿಗೆ ಬಿಡುತ್ತಾನೆ. ಪೋಲನು ಕಾರ್ಪ್ ಮೀನನ್ನು ಮನೆಗೆ ಒಯ್ದು ಹುರಿಯುತ್ತಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಅದೇ ಮುಖ್ಯ ಖಾದ್ಯ. ತಿನ್ನುವುದಿಲ್ಲವಾದರೆ ಹಿಡಿದದ್ದೇಕೆ ಎಂದು ಇವನು. ಕಳ್ಳ ಎಂದು ಅವನು. ಕೆರೆ ದಡದಲ್ಲಿ ಪೋಲಿಷ್ ಭಾಷೆಯಲ್ಲಿಯೂ ಫಲಕ ನೆಡಬೇಕಾಯಿತು.

ಅದೇ ಕಾಲದಲ್ಲಿ ಅಗ್ಗದ ವಿಮಾನಗಳು ಎದುರು ದಿಕ್ಕಿನಲ್ಲಿ ಇಂಗ್ಲಿಷರನ್ನು ಹೊತ್ತೊಯ್ದವು. ಪುಸ್ತಕ ಓದಿದ್ದ ಪೋಲನ ಕಣ್ಣಲ್ಲಿ ಇಂಗ್ಲಿಷನೆಂದರೆ ಛತ್ರಿ ಹಿಡಿದ ಗಂಭೀರ ಸಭ್ಯ. ಕ್ರಾಕೋವಿನ ಪುರಾತನ ಚೌಕದಲ್ಲಿ ಅವನು ಕಂಡದ್ದು, ಮದುವೆಯ ಮುನ್ನ ಗೆಳೆಯನನ್ನು ಕುಡಿಸಲು ಬಂದು ವೇಷ ಹಾಕಿ ಕೂಗಾಡುವ ಗುಂಪು. ಅವರ ಹಣಕ್ಕೆ ಹೋಟೆಲು ಕೈಚಾಚಿತು. ಅವರ ವಾಂತಿಯನ್ನು ಬೆಳಗ್ಗೆ ತೊಳೆದವನು ಜಾಡಮಾಲಿ. ಅಲ್ಲೊಂದು ಇಲ್ಲೊಂದು ನೋಡಿ. ಪೋಲನು ಬ್ರಿಟನ್ನಿಗೆ ಹೋದರೆ 'ವಲಸೆಗಾರ', ಅವನು ಬೇಕೋ ಬೇಡವೋ ಎಂದು ಚರ್ಚೆ. ಇಂಗ್ಲಿಷನು ಪೋಲೆಂಡಿಗೆ ಹೋದರೆ 'ಪ್ರವಾಸಿ', ಅವನಿಗೆ ಸ್ವಾಗತ. ಜೇಬಿನ ಭಾರದ ಮೇಲೆ ಹೆಸರು!

ಈಗ ಕಹಿಯಾದ ಭಾಗ. ಲಿಂಕನ್‌ಶೈರಿನ ಬಾಸ್ಟನ್ ಊರಿನ ಸುತ್ತ ಎಲೆಕೋಸು, ಹೂಕೋಸಿನ ಹೊಲಗಳು. ಅಲ್ಲಿ ಕೂಲಿಗಳನ್ನು ಒದಗಿಸುವವರು ಮೇಸ್ತ್ರಿ ಗುತ್ತಿಗೆದಾರರು. ಇವರಲ್ಲಿ ಕೆಟ್ಟವರು ಮಲಗುವ ಜಾಗಕ್ಕೆ ಬಾಡಿಗೆ, ವ್ಯಾನಿಗೆ ಬಾಡಿಗೆ ಎಂದು ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು. 2004ರಲ್ಲಿ ಮೋರ್‌ಕಂಬ್ ಕೊಲ್ಲಿಯಲ್ಲಿ ಚಿಪ್ಪು ಹೆಕ್ಕುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಚೀನೀ ಕೂಲಿಗಳು ಸಮುದ್ರದ ಉಬ್ಬರಕ್ಕೆ ಸಿಕ್ಕಿ ಸತ್ತ ಮೇಲೆಯೇ ಅಂಥ ಮೇಸ್ತ್ರಿಗಳಿಗೆ ಪರವಾನಗಿ ಬೇಕೆಂಬ ಕಾಯಿದೆ ಬಂತು. ಬಾಸ್ಟನ್ನಿನ ಹಳೆಯ ನಿವಾಸಿಗಳ ದೂರೂ ಪೂರ್ತಿ ಸುಳ್ಳಲ್ಲ. ಮನೆ ಬಾಡಿಗೆ ಏರಿತು, ವೈದ್ಯರ ಬಳಿ ಸಾಲು ಬೆಳೆಯಿತು. ವಲಸೆಯಿಂದ ಒಟ್ಟು ಮಜೂರಿ ಹೆಚ್ಚೇನೂ ಕುಸಿಯಲಿಲ್ಲವೆಂದು ಅರ್ಥಶಾಸ್ತ್ರಜ್ಞರ ಲೆಕ್ಕ ಹೇಳುತ್ತದೆ. ಆದರೆ ತೀರ ಕೆಳಗಿನ ಕೂಲಿಗೆ ಕೊಂಚ ಪೆಟ್ಟು ಬಿದ್ದಿರಬಹುದೆಂದು ಅದೇ ಲೆಕ್ಕ ಒಪ್ಪುತ್ತದೆ.

ಜನ ಬಂದಾಗ ಮನೆ, ಶಾಲೆ, ಆಸ್ಪತ್ರೆ ಕಟ್ಟಬೇಕಾದವರು ಕಟ್ಟಲಿಲ್ಲ. ಸಿಟ್ಟು ಮಾತ್ರ ಪಕ್ಕದ ಮನೆಯ ಪೋಲನ ಮೇಲೆ ತಿರುಗಿತು. 2016ರ ಜೂನ್ 23ರಂದು ಐರೋಪ್ಯ ಒಕ್ಕೂಟ ಬಿಡಬೇಕೆಂದು ಬ್ರಿಟನ್ನಿನಲ್ಲಿ ನೂರಕ್ಕೆ 51.9 ಮಂದಿ ಮತ ಕೊಟ್ಟರು, ಬಾಸ್ಟನ್ನಿನಲ್ಲಿ 75.6, ದೇಶಕ್ಕೇ ಮೇಲು. ಕೆಲವೇ ದಿನಗಳಲ್ಲಿ ಹಂಟಿಂಗ್‌ಡನ್ ಊರಿನಲ್ಲಿ ಪೋಲರನ್ನು ಹುಳಹುಪ್ಪಟೆಗೆ ಹೋಲಿಸಿದ ಚೀಟಿಗಳು ಬಿದ್ದವು. ಓದಬೇಕಾದವರಿಗೆ ತಪ್ಪದೆ ಮುಟ್ಟಲೆಂದು ಪೋಲಿಷ್ ಭಾಷೆಯಲ್ಲಿಯೂ ಬರೆದಿದ್ದರು. ಹನ್ನೆರಡು ವರ್ಷ ಅದೇ ಊರಿನ ಹೊಲದಲ್ಲಿ ಕೋಸು ಕಿತ್ತವನು ಆ ಚೀಟಿಯನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಎಲ್ಲಿ ಬಚ್ಚಿಡಬೇಕು?

ಆದರೆ ಇದೊಂದೇ ಕಥೆಯಲ್ಲ, ಬಂಧುಗಳೇ. 2006ರಲ್ಲಿ ಸೌತಾಂಪ್ಟನ್ನಿನಲ್ಲಿ ಜಿ.ಎಂ.ಬಿ. ಎಂಬ ಕಾರ್ಮಿಕ ಸಂಘ ಪೋಲಿಷ್ ಕೆಲಸಗಾರರಿಗಾಗಿಯೇ ಒಂದು ಶಾಖೆ ತೆರೆಯಿತು. ಕಡಮೆ ಸಂಬಳ ಎಷ್ಟಿರಬೇಕು, ಯಾವುದನ್ನು ಮುರಿದುಕೊಳ್ಳುವಂತಿಲ್ಲ ಎಂಬುದನ್ನು ಅವರ ಭಾಷೆಯಲ್ಲಿ ತಿಳಿಸುವುದು ಅದರ ಕೆಲಸ. 1946ರ ಸಂಘಗಳು ಬಾಗಿಲು ಹಾಕಿದವು. 2006ರ ಸಂಘ ಕುರ್ಚಿ ಹಾಕಿತು. ಇದು ಬರೀ ಔದಾರ್ಯವಲ್ಲ, ಲೆಕ್ಕಾಚಾರ. ಹಕ್ಕು ತಿಳಿಯದ ಪೋಲನು ಅಗ್ಗದ ಆಳು; ಅವನನ್ನು ತೋರಿಸಿ ಇಂಗ್ಲಿಷನ ಕೂಲಿಯನ್ನೂ ಇಳಿಸಬಹುದು. ಹಕ್ಕು ತಿಳಿದ ಪೋಲನ ಮೇಲೆ ಆ ಆಟ ನಡೆಯದು. ಅವನ ಕೂಲಿಯನ್ನು ಕಾದರೆ ಇವನ ಕೂಲಿಯೂ ಉಳಿಯುತ್ತದೆ.

ಚಕ್ರ ಮತ್ತೆ ತಿರುಗಿದೆ. ಪೋಲೆಂಡಿನಲ್ಲಿ ನಿರುದ್ಯೋಗ ಇಳಿಯಿತು, ಸಂಬಳ ಏರಿತು. ಬ್ರಿಟನ್ನಿನಿಂದ ಬಹಳ ಜನ ಹಿಂತಿರುಗಿದರು. ಉಳಿದವರೂ ಕಡಿಮೆಯೇನಲ್ಲ. 2021ರ ಗಣತಿಯಲ್ಲಿ ಇಂಗ್ಲೆಂಡು, ವೇಲ್ಸ್‌ಗಳಲ್ಲಿ ಹೊರದೇಶದಲ್ಲಿ ಹುಟ್ಟಿದವರ ಪಟ್ಟಿಯ ಮೊದಲ ಸಾಲಿನಲ್ಲಿ ನಮ್ಮ ಭಾರತ, 9,20,000. ಎರಡನೆಯದು ಪೋಲೆಂಡು, 7,43,000. 2022ರಲ್ಲಿ ರಷ್ಯವು ಯುಕ್ರೇನಿನ ಮೇಲೆ ಪೂರ್ಣ ಯುದ್ಧ ಹೂಡಿದಾಗ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಪೋಲೆಂಡಿನಲ್ಲಿ ಆಶ್ರಯ ಪಡೆದರು. ರೈಲು ನಿಲ್ದಾಣದಲ್ಲಿ ಪೋಲರು ಬಿಸಿ ಸೂಪು ಹಿಡಿದು ಕಾದು ನಿಂತರು. ತಮ್ಮ ಮನೆಯ ಕೋಣೆಗಳನ್ನು ಬಿಟ್ಟುಕೊಟ್ಟರು. ಕಾಲ ಕಳೆದಂತೆ ಅಲ್ಲಿಯೂ ಹಳೆಯ ಮಾತುಗಳು ಕೇಳತೊಡಗಿದವು: ಆಸ್ಪತ್ರೆಯ ಸಾಲು, ಮನೆಯ ಬಾಡಿಗೆ, ನಮ್ಮ ಕೆಲಸ. ಸ್ಕಾಟನ ಮೇಲೆ ಗ್ಡಾನ್ಸ್ಕಿನ ಅಂಗಡಿಕಾರ ಆಡಿದ್ದು, ಪೋಲನ ಮೇಲೆ ಬಾಸ್ಟನ್ನಿನವನು ಆಡಿದ್ದು, ಈಗ ಪೋಲನೇ ಆಡುವ ಸರದಿ.

ಆದ್ದರಿಂದ, ಯಾರಾದರೂ ಬಂದು 'ಆ ಜನವೇ ಹಾಗೆ' ಎಂದರೆ, ಒಂದು ಪ್ರಶ್ನೆ ಕೇಳಿ: ನೀವು ಅವರನ್ನು ಕಂಡದ್ದು ಎಲ್ಲಿ? ಯುದ್ಧದಲ್ಲೋ, ಹೋಟೆಲಿನಲ್ಲೋ, ಕೂಲಿಯ ಸಾಲಿನಲ್ಲೋ? ಅವರಿಬ್ಬರ ನಡುವೆ ನಿಂತು ಇಬ್ಬರ ಸಂಬಳವನ್ನೂ ಎಣಿಸುತ್ತಿದ್ದವನು ಯಾರು? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ಹಾಲಿನ ಚಹಾ, ನಿಂಬೆಯ ಚಹಾ ಎರಡನ್ನೂ ಒಂದೇ ಮೇಜಿನ ಮೇಲೆ ಇಡಬಹುದು. ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಈಗ ಹಾಗೆಯೇ ಇಟ್ಟಿದ್ದಾರೆ.

ಎರಡನೆಯ ಪಾಳಿಗೆ ಹೋಗಬೇಕಾದವರು ಎದ್ದು ನಿಂತದ್ದು ಕಾಣುತ್ತಿದೆ. ಇಂಗ್ಲಿಷರಂತೆ ಹೋಗಬೇಡಿ, ಹೇಳಿಯೇ ಹೋಗಿ.