ಉಪ್ಪು, ಬೆಲ್ಲ, ನೀರು

(ಗ್ರಾಮಾರೋಗ್ಯ ಕಾರ್ಯಕರ್ತೆಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬಡರಾಷ್ಟ್ರಗಳಲ್ಲಿ ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವು ಸಮುದ್ರದಷ್ಟು ವಿಶಾಲವಾದುದು. ನಾನು ಅದರೊಳಗಿಂದ ಒಂದು ಬೊಗಸೆ ನೀರನ್ನು ಮಾತ್ರ ಎತ್ತಿಕೊಳ್ಳುವೆನು; ಅದೂ ಉಪ್ಪುನೀರನ್ನೇ.

ಭೇದಿಯಾದ ಮಗುವು ಬಹುಮಟ್ಟಿಗೆ ಸಾಯುವದು ಶರೀರದೊಳಗಿನ ನೀರೂ ಉಪ್ಪೂ ಹರಿದುಹೋಗುವದರಿಂದ. ಇಂದಿಗೂ ಜಗತ್ತಿನಲ್ಲಿ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕಿಂತ ಹೆಚ್ಚು ಮಕ್ಕಳು ಪ್ರತಿವರ್ಷ ಹೀಗೆ ಭೇದಿಗೆ ಬಲಿಯಾಗುತ್ತಿರುವರು. ನಮ್ಮ ಹಿರಿಯರು ಪಟಕಿಯೆಂದು ಕರೆದು ನಡುಗುತ್ತಿದ್ದ ಕಾಲರಾದಲ್ಲಂತೂ ಗಟ್ಟಿಮುಟ್ಟಾದ ಆಳು ಬೆಳಗಿನಿಂದ ಸಂಜೆಯೊಳಗೆ ಬತ್ತಿಹೋಗುವನು. ಕುಡಿಸಿದ ನೀರು ನಿಲ್ಲುವದಿಲ್ಲವಾದ್ದರಿಂದ ಶಿರೆಗೆ ಸೂಜಿ ಹಾಕಿ ಸಲೈನು ಹರಿಸುವದೊಂದೇ ಉಪಾಯವೆಂದು ವೈದ್ಯರು ತಿಳಿದಿದ್ದರು. ಆದರೆ ಉಪ್ಪಿನ ಸಂಗಡ ಸಕ್ಕರೆಯಂಶವು ಸೇರಿದರೆ ಸಣ್ಣ ಕರುಳು ಎರಡನ್ನೂ ಕೂಡಿಯೇ ಒಳಗೆ ಎಳೆದುಕೊಳ್ಳುವದು, ಅವುಗಳ ಹಿಂದೆಯೇ ನೀರೂ ಹೋಗುವದು. ಕಾಲರಾ ಸಹ ಕರುಳಿನ ಈ ಶಕ್ತಿಯನ್ನು ಕೆಡಿಸಲಾರದು. ಢಾಕಾದ ಕಾಲರಾ ಸಂಶೋಧನಾಲಯದಲ್ಲಿ 1968ರಲ್ಲಿ ಇದು ರೋಗಿಗಳ ಮೇಲೆಯೇ ಸಿದ್ಧವಾಯಿತು.

ಸಿದ್ಧವಾದರೇನು? ದೊಡ್ಡ ಆಸ್ಪತ್ರೆಯ ಹೊರಗೆ ಇದು ನಡೆಯಲಾರದೆಂದು ಬಲ್ಲವರೇ ಹೇಳುತ್ತಿದ್ದರು. 1971ರಲ್ಲಿ ಪೂರ್ವ ಬಂಗಾಲದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರು ಭಾರತಕ್ಕೆ ಬಂದರು. ಗಡಿಯ ಬನಗಾಂವದಲ್ಲಿ ಕಾಲರಾ ಹಬ್ಬಿತು. ಡಾ. ದಿಲೀಪ ಮಹಾಲನಬೀಸರ ಬಳಿಯ ಸಲೈನು ತೀರಿತು. ಅವರು ಗ್ಲೂಕೋಸು, ಅಡಿಗೆಯ ಉಪ್ಪು, ಸೋಡಾ ಇವುಗಳನ್ನು ಕಲಕತ್ತೆಯಲ್ಲಿ ತೂಗಿಸಿ, ಚೀಲಗಳಲ್ಲಿ ತರಿಸಿ, ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕದಡಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ 3.6ಕ್ಕೆ ಇಳಿಯಿತು. ಅನಿವಾರ್ಯತೆಯು ತೆರೆದ ಬಾಗಿಲು ಇದು. ಯಾವ ಸಮಿತಿಯೂ ತೆರೆದದ್ದಲ್ಲ. ಆ ಮಹನೀಯರು 2022ರಲ್ಲಿ ತೀರಿಕೊಂಡರು; ಪದ್ಮವಿಭೂಷಣವು ಮರುವರ್ಷ ಬಂದಿತು.

ನಾನು ವಿಸ್ತಾರವಾಗಿ ಹೇಳಬೇಕೆಂದಿರುವದು ಇದರ ಮುಂದಿನ ಕಥೆಯನ್ನು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯವರು 1980ರಿಂದ 1990ರ ವರೆಗೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕಾರ್ಯಕರ್ತೆಯರನ್ನು ಕಳಿಸಿ ತಾಯಂದಿರಿಗೆ ಈ ಪಾನಕವನ್ನು ಮಾಡಲಿಕ್ಕೆ ಕಲಿಸಿದರು. ಅರ್ಧ ಸೇರು ನೀರು, ಒಂದು ಹಿಡಿ ಬೆಲ್ಲ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು. ತಕ್ಕಡಿಯಿಲ್ಲ, ಪುಡಿಕೆಯಿಲ್ಲ. ತಾಯಿಯು ತನ್ನ ಕೈಯಿಂದಲೇ ಮಾಡಿ ತೋರಿಸಬೇಕು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯವಾದ್ದರಿಂದ ಆ ಪಾನಕದ ಮಾದರಿಗಳನ್ನು ಪ್ರಯೋಗಶಾಲೆಗೂ ಕಳಿಸುತ್ತಿದ್ದರು.

ಕಾರ್ಯಕರ್ತೆಗೆ ಸಂಬಳ ಕೊಡುವ ಕ್ರಮವು ವಿಚಾರಾರ್ಹವಾಗಿದೆ. ಆಕೆ ಎಷ್ಟು ಮನೆಗಳನ್ನು ತುಳಿದಳೆಂಬುದೊಂದನ್ನೇ ಲೆಕ್ಕಿಸಲಿಲ್ಲ. ಕೆಲವು ವಾರಗಳಾದ ಮೇಲೆ ಬೇರೊಬ್ಬರು ಕೆಲವು ಮನೆಗಳನ್ನು ಆಯ್ದು ಹೋಗಿ, ತಾಯಿಗೆ ಎಷ್ಟು ನೆನಪಿದೆ, ಪಾನಕವನ್ನು ಹೇಗೆ ಮಾಡುವಳು ಎಂದು ಪರೀಕ್ಷಿಸುವರು. ತಾಯಿಯು ಚೆನ್ನಾಗಿ ಕಲಿತಿದ್ದರೆ ಕಲಿಸಿದವಳಿಗೆ ಹೆಚ್ಚು ಹಣ, ಕಲಿಯದಿದ್ದರೆ ಕಡಿಮೆ.

ಇಷ್ಟಾದರೂ ಮೊದಲ ವರ್ಷಗಳಲ್ಲಿ ಫಲವು ನಿರಾಶಾದಾಯಕವಾಗಿತ್ತು. ತಾಯಂದಿರು ಪಾಠವನ್ನು ಒಪ್ಪಿಸುತ್ತಿದ್ದರು. ಭೇದಿಯಾದಾಗ ಮಾತ್ರ ನೂರರಲ್ಲಿ ಹತ್ತು ಮಂದಿ ಕೂಡ ಪಾನಕ ಕೊಡುತ್ತಿರಲಿಲ್ಲ. ಸಂಸ್ಥೆಯವರು ಅಜ್ಞಾನವೆಂದು ಹಳ್ಳಿಯ ಹೆಂಗಸರನ್ನು ಜರಿಯದೆ ಕಾರಣವನ್ನು ಹುಡುಕಿದರು. ಮೊದಲು ಸಿಕ್ಕಿದ ದೋಷವು ತಮ್ಮದೇ: ಎಷ್ಟೋ ಕಾರ್ಯಕರ್ತೆಯರಿಗೇ ಈ ಪಾನಕದಲ್ಲಿ ನಂಬಿಕೆಯಿರಲಿಲ್ಲ, ತಮಗೆ ಭೇದಿಯಾದರೆ ಮಾತ್ರೆ ನುಂಗುತ್ತಿದ್ದರು! ಅವರನ್ನು ಢಾಕಾದ ಆಸ್ಪತ್ರೆಗೆ ಕರೆದೊಯ್ದು, ಈ ನೀರಿನಿಂದ ಚೇತರಿಸುವ ರೋಗಿಗಳನ್ನು ಕಣ್ಣಾರೆ ತೋರಿಸಿದರು. ಎರಡನೆಯದಾಗಿ, ಗಂಡಸರನ್ನು ಬಿಟ್ಟಿದ್ದರು; ಅಂಗಡಿಯಲ್ಲಿ, ಮಸೀದಿಯಲ್ಲಿ, ಶಾಲೆಯಲ್ಲಿ ಅವರಿಗೂ ತಿಳಿಹೇಳಿದರು.

ಮೂರನೆಯದು ಭಾಷೆಯ ದೋಷ. ಆ ಹಳ್ಳಿಗಳಲ್ಲಿ ಭೇದಿಗೆ ನಾಲ್ಕು ಹೆಸರುಗಳಿದ್ದವು: ಹಾಲುಣ್ಣುವ ಕೂಸಿನದೊಂದು, ಅಜೀರ್ಣದ್ದೊಂದು, ಆಮಶಂಕೆಯದೊಂದು, ನಾಲ್ಕನೆಯದೇ ‘ಡಯರಿಯಾ’. ಕಲಿಸಿದವರು ಈ ಕೊನೆಯ ಶಬ್ದವನ್ನೇ ಬಳಸಿದ್ದರು. ತಾಯಂದಿರು ಕಾಲರಾದಂಥ ಘೋರ ಭೇದಿಗೆ ಮಾತ್ರ ಅದು ಹೆಸರೆಂದು ತಿಳಿದು, ಉಳಿದ ಮೂರಕ್ಕೆ ಪಾನಕವನ್ನು ಕೊಡದೆ ಬಿಟ್ಟರು. ಒಂದು ಶಬ್ದದ ತಪ್ಪಿಗೆ ಎಷ್ಟು ಕೂಸುಗಳು ಬೆಲೆತೆತ್ತವೋ! ಜನರ ನುಡಿಯನ್ನರಿಯದ ಆರೋಗ್ಯಖಾತೆಗಳು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಲಿ. 2014ರ ಗಣನೆಯ ಹೊತ್ತಿಗೆ ಆ ಬಡದೇಶದಲ್ಲಿ ಭೇದಿಯಾದ ನೂರು ಮಕ್ಕಳಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಓಆರ್‌ಎಸ್ ಮುಟ್ಟುತ್ತಿತ್ತು. ಭಾರತದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಸಂಖ್ಯೆ ಸುಮಾರು ಅರವತ್ತು.

ನಮ್ಮ ನಾಡಿಗೇ ಸಂಬಂಧಿಸಿದ ಒಂದು ಶೋಧನೆಯು 2024ರಲ್ಲಿ ‘ಸಾಯನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರ್ನಾಟಕ, ಬಿಹಾರಗಳ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ, ಎರಡು ವರ್ಷದ ಕೂಸಿಗೆ ಭೇದಿಯಾಗಿದೆಯೆಂದು ಹೇಳುವ ವೇಷಧಾರಿಗಳನ್ನು ಕಳಿಸಿದರು. ಚಿಕಿತ್ಸಕರಿಗೆ ಓಆರ್‌ಎಸ್ ಗೊತ್ತಿಲ್ಲವೆಂದಲ್ಲ. ಅಂಗಡಿಯಲ್ಲಿ ಸಿಗದಿರುವದು, ಲಾಭದ ಆಶೆ, ಇವು ಅಲ್ಪ ಕಾರಣಗಳು. ‘ಇವರಿಗೆ ಇದು ಬೇಡವಾಗಿರಬೇಕು’ ಎಂಬ ಊಹೆಯೇ ದೊಡ್ಡ ಕಾರಣ. ಬಂದವನು ಓಆರ್‌ಎಸ್ ಬೇಕೆಂದು ಬಾಯಿಬಿಟ್ಟ ಕಡೆಗೆ ಅದನ್ನು ಬರೆದುಕೊಡುವದು ನೂರಕ್ಕೆ ಇಪ್ಪತ್ತೇಳರಷ್ಟು ಏರಿತು. ಚಿಕಿತ್ಸಕನು ರೋಗಿಗೆ ಬೇಡವೆಂದು ಸುಮ್ಮನಿರುವನು, ರೋಗಿಯು ಅವನು ಕೊಡಲಿಲ್ಲವೆಂದು ಸುಮ್ಮನಿರುವನು. ನಡುವೆ ಕೂಸು ಬತ್ತುವದು.

ಆದ್ದರಿಂದ ನಿಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಇನ್ನು ಮುಂದೆ ಪುಡಿಕೆಯನ್ನು ಕೈಗಿತ್ತು ಸಹಿ ಪಡೆದು ಹೊರಡಬೇಡಿರಿ. ಒಂದು ಲೀಟರಿನ ಗುರುತನ್ನು ಆ ಮನೆಯ ಪಾತ್ರೆಯ ಮೇಲೆಯೇ ತೋರಿಸಿರಿ, ತಾಯಿಯಿಂದಲೇ ಕದಡಿಸಿರಿ. ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಹದಿನಾಲ್ಕು ದಿನಗಳು ತುಂಬುವ ವರೆಗೆ ಕೊಡಬೇಕೆಂದು ಹೇಳಿರಿ. ‘ಡಾಕ್ಟರರೇ, ಓಆರ್‌ಎಸ್ ಕೊಡಿರಿ’ ಎಂದು ಕೇಳುವ ಧೈರ್ಯವನ್ನು ಆಕೆಗೆ ತುಂಬಿರಿ.

ಸರ್ಕಾರಕ್ಕೂ ಒಂದು ಮಾತಿದೆ. ಹಂಚಿದ ಪುಡಿಕೆಗಳ ಸಂಖ್ಯೆಯನ್ನು ಬರೆದಿಡುವಂತೆ, ಅವುಗಳಲ್ಲಿ ಕೂಸಿನ ಹೊಟ್ಟೆ ಸೇರಿದವು ಎಷ್ಟೆಂಬುದನ್ನೂ ಊರೂರಿಗೆ ಕೆಲವು ಮನೆಗಳನ್ನು ಆಯ್ದು ಪರೀಕ್ಷಿಸಿ ಬರೆಯಿಸಬೇಕು. ಆ ಹೆಚ್ಚಿನ ಕೆಲಸಕ್ಕೆ ತಕ್ಕ ವೇತನವನ್ನೂ ನಿಮಗೆ ಕೊಡಬೇಕು. ಈ ಅರ್ಥದ ಮನವಿಪತ್ರವೊಂದನ್ನು ಬರೆದು ಬಾಗಿಲ ಬಳಿಯ ಮೇಜಿನ ಮೇಲಿಟ್ಟಿರುವೆನು. ಓದಿ ನೋಡಿ, ಒಪ್ಪಿಗೆಯಾದವರು ಸಹಿ ಹಾಕಬೇಕೆಂದು ಬೇಡಿಕೊಳ್ಳುವೆನು.