ಪರಸಿ ಸಂದಿಗೆ ಸಿಮೆಂಟು, ಪರಸಿಗೆ ಕಲೆ ಬೇಡ

(ಕಲಿಕಾ ಕೇಂದ್ರದಲ್ಲಿ ಕಟ್ಟಡ ಕೆಲಸದ ಅಕ್ಕ ಒಬ್ಬರು ಆಡಿದ ಮಾತು)



ನಿಮ್ಮಲ್ಲಿ ಬಹಳ ಮಂದಿ ಮನೆ ಕಟ್ಟುವ ಕೆಲಸಕ್ಕೆ ಹೋಗುವವರು. ಉಳಿದವರ ಮನೆಯಲ್ಲಿ ಪರಸಿ ನೆಲ ಇದೆ. ಅದಕ್ಕೇ ಇವತ್ತು ಪರಸಿಯ ಮಾತು.

ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ನಿಮಗೆಲ್ಲ ಗೊತ್ತು. ಬೂದಿ ಬಣ್ಣ. ಪದರ ಪದರವಾಗಿ ಏಳುತ್ತದೆ. ಪಾಲಿಶ್ ಮಾಡಿದ ಕಲ್ಲು ಮನೆಯೊಳಗೆ ಹಾಕುತ್ತಾರೆ. ಪಾಲಿಶ್ ಇಲ್ಲದ ಒರಟು ಕಲ್ಲು ಅಂಗಳಕ್ಕೆ, ಬಚ್ಚಲಿಗೆ, ಮೆಟ್ಟಿಲಿಗೆ. ಒರಟು ಇದ್ದರೆ ಕಾಲು ಜಾರುವುದಿಲ್ಲ. ಬಸುರಿಯರು, ಮುದುಕರು ಓಡಾಡುವಲ್ಲಿ ಅದೇ ಒಳ್ಳೆಯದು. ಆದರೆ ಸಂದು ತುಂಬುವಾಗ ಆ ಒರಟೇ ನಮಗೆ ಕಾಟ ಕೊಡುತ್ತದೆ.

ಪರಸಿ ಹಾಸುವವನು ಗೌಂಡಿ. ಸಂದು ತುಂಬಿ ಒರೆಸುವವರು ನಾವು. ನೆಲದ ಮೇಲೆ ಬಿಳಿ ಕಲೆ ಕೂತರೆ ಬೈಗುಳ ಯಾರಿಗೆ? ನಮಗೇ. ಒಂದು ಮನೆಯಲ್ಲಿ ಮೂವರು ಹೆಂಗಸರ ಎರಡು ದಿನದ ಕೂಲಿ ಹಿಡಿದುಬಿಟ್ಟರು. "ಸಿಮೆಂಟ್ ಹಾಲು ಸುರೀರಿ, ಪೊರಕೆಯಿಂದ ಎಳೀರಿ" ಅಂದವನು ಗುತ್ತಿಗೆದಾರ. ಅವನ ಒಂದು ಕಾಸೂ ಹೋಗಲಿಲ್ಲ.

ಕಲೆ ಯಾಕೆ ಆಗುತ್ತದೆ, ಕೇಳ್ರಿ. ಒರಟು ಕಲ್ಲಿನ ಮೈಮೇಲೆ ಸಣ್ಣ ಸಣ್ಣ ಗುಳಿ ಇರುತ್ತವೆ. ಒಣಗಿದ ಕಲ್ಲು ನೀರು ಹೀರುತ್ತದೆ. ನೀರಿನ ಜೊತೆ ಸಿಮೆಂಟ್ ಹಾಲೂ ಗುಳಿಗೆ ಇಳಿಯುತ್ತದೆ. ಅಲ್ಲೇ ಗಟ್ಟಿಯಾಗುತ್ತದೆ. ನಾಳೆ ನೀರು ಹಾಕಿ ತೊಳೆದರಾಯಿತು ಅನ್ನಬ್ಯಾಡ್ರಿ. ಮಣ್ಣು ನೀರಿನಲ್ಲಿ ಕರಗುತ್ತದೆ. ಸಿಮೆಂಟು ಹಾಗಲ್ಲ. ಅದು ನೀರು ಕುಡಿದೇ ಗಟ್ಟಿಯಾಗುವ ವಸ್ತು.

ಆದ್ದರಿಂದ ಕಲ್ಲಿನ ಮೇಲೆ ಸುರಿಯುವುದೇ ಬೇಡ. ಸಂದಿಗೆ ಮಾತ್ರ ಹಾಕೋಣ.

ಮೊದಲು ಸಂದಿನ ದೂಳು, ಕಸ ಕೆದರಿ ತೆಗೀರಿ. ಕಲ್ಲಿಗೆ ನೀರು ಚಿಮುಕಿಸಿ. ಕಲ್ಲು ತನ್ನ ದಾಹ ತೀರಿಸಿಕೊಳ್ಳಲಿ. ನಿಂತ ನೀರನ್ನು ಬಟ್ಟೆಯಿಂದ ಒತ್ತಿ ತೆಗೀರಿ. ಕಲ್ಲು ಹಸಿ ಇರಬೇಕು, ಸಂದಿನಲ್ಲಿ ನೀರು ನಿಲ್ಲಬಾರದು.

ಉಸುಕು ಸಣ್ಣದಾಗಿರಲಿ, ಸಾಣಿಸಿರಲಿ. 1 ಬೋಗುಣಿ ಸಿಮೆಂಟಿಗೆ 2 ಬೋಗುಣಿ ಉಸುಕು. ಇದು ಕಿರುಬೆರಳಿನಷ್ಟು ಅಗಲದ ಸಂದಿಗೆ. ನೀರು ಸ್ವಲ್ಪ ಸ್ವಲ್ಪವೇ ಹಾಕ್ರಿ. ಹದ ಹೇಗಿರಬೇಕು? ಹೋಳಿಗೆಯ ಹೂರಣದ ಹಾಗೆ. ಉಂಡೆ ಮಾಡಿದರೆ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಇಳಿಯಬೇಕು. ಅಂಬಲಿಯ ಹಾಗೆ ಹರಿದರೆ ಕೆಟ್ಟಿತು. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸ್ರಿ. ಬಿಗಿಯಾದ ಮೇಲೆ ಮತ್ತೆ ನೀರು ಹಾಕಿ ಕಲಸಿದರೆ ಅದಕ್ಕೆ ಬಲ ಇರುವುದಿಲ್ಲ.

ಸಣ್ಣ ಕರಣಿಯಿಂದ ಸಂದಿಗೆ ಒತ್ತಿ ತುಂಬ್ರಿ. ಸಂದು ಸಣ್ಣದಿದ್ದರೆ ಒಂದು ಉಪಾಯ ಇದೆ. ಮೆಹಂದಿ ಕೋನ್ ನೋಡೀರಲ್ಲ? ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮಾಲು ತುಂಬಿ, ಮೂಲೆ ಕತ್ತರಿಸಿ, ಹಾಗೇ ಹಿಂಡ್ರಿ. ಇದಕ್ಕೆ ಹದ ತುಸು ಮೆತ್ತಗಿರಲಿ. ಮದುವೆ ಮನೆಯಲ್ಲಿ ಕೈಗೆ ಗೆರೆ ಎಳೆಯುವ ನಮ್ಮ ಹುಡುಗಿಯರು ಗೌಂಡಿಗಿಂತ ಚೆಂದ ತುಂಬುತ್ತಾರೆ. ತೀರಾ ಒರಟು ಕಲ್ಲಾದರೆ ಸಂದಿನ ಎರಡೂ ಬದಿಗೆ ಕಾಗದದ ಟೇಪ್ ಅಂಟಿಸಬಹುದು. ಅಂಟಿಸುವುದಾದರೆ ಅಂಚು ಒಣಗಿರಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ.

ಕಪ್ಪು, ಕೆಂಪು ಬಣ್ಣದ ಪುಡಿ ಬೆರೆಸಿ ಅಂತ ಮನೆಯವರು ಹೇಳಬಹುದು. ಹುಷಾರ್. ಆ ಬಣ್ಣ ಕಲ್ಲಿಗೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಒಡೆದ ಕಲ್ಲಿನ ಚೂರಿನ ಮೇಲೆ ಮೊದಲು ಹಚ್ಚಿ ತೋರಿಸಿರಿ.

ಇನ್ನು ಒರೆಸುವುದು. ಇದರಲ್ಲೇ ನಮ್ಮ ಕೂಲಿ ಉಳಿಯುವುದು. ಎಲ್ಲಾ ತುಂಬಿ ಆಮೇಲೆ ಒರೆಸೋಣ ಅನ್ನಬ್ಯಾಡ್ರಿ. ನಾಲ್ಕೈದು ಕಲ್ಲಿನ ಸಂದು ತುಂಬ್ರಿ, ನಿಲ್ರಿ. ಕಲ್ಲಿನ ಮೇಲೆ ಬಿದ್ದ ತುಣುಕನ್ನು ಕರಣಿಯಿಂದ ಎತ್ತಿ ತೆಗೀರಿ, ಉಜ್ಜಬ್ಯಾಡ್ರಿ. ಸಂದಿನ ಮಾಲು ಬೆರಳಿಗೆ ಹತ್ತದಷ್ಟು ಬಿಗಿಯಾದಾಗ ಸ್ಪಂಜನ್ನು ಚೆನ್ನಾಗಿ ಹಿಂಡಿ, ಸಂದಿಗೆ ಅಡ್ಡವಾಗಿ ಒರೆಸ್ರಿ. ಸಂದಿನ ಉದ್ದಕ್ಕೆ ಎಳೆದರೆ ಮಾಲು ಕಿತ್ತು ಬರುತ್ತದೆ. ಗುಳಿಯಲ್ಲಿ ಕೂತದ್ದಕ್ಕೆ ಮೆತ್ತನೆಯ ಬ್ರಶ್ ಬೇಕು. ಎರಡು ಬಕೀಟು ಇಟ್ಟುಕೊಳ್ರಿ. ಒಂದರಲ್ಲಿ ಸ್ಪಂಜು ಜಾಲಿಸುವುದು, ಇನ್ನೊಂದರಲ್ಲಿ ಒಳ್ಳೆಯ ನೀರು. ಕೊಳೆ ನೀರಿನಲ್ಲಿ ಒರೆಸಿದರೆ ನಾವೇ ಸಿಮೆಂಟ್ ಹಾಲು ಬಳಿದ ಹಾಗೆ.

ಇಷ್ಟಾದರೂ ಅಲ್ಲಲ್ಲಿ ಮಂಜಿನಂತೆ ಬಿಳಿ ಉಳಿಯಬಹುದು. ಮರುದಿನ ಒಣ ಗೋಣಿತಟ್ಟು ಅಥವಾ ತೆಂಗಿನ ನಾರಿನಿಂದ ಉಜ್ಜಿದರೆ ಬಹಳಷ್ಟು ಹೋಗುತ್ತದೆ.

ಆಸಿಡ್ ಮಾತ್ರ ಮುಟ್ಟಬ್ಯಾಡ್ರಿ. ಆಸಿಡ್ ಹಾಕಿದರೆ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆಯ ಕಾರ್ಖಾನೆಗಳು ಸಿಮೆಂಟು ಮಾಡುವುದೂ ಸುಣ್ಣದ ಕಲ್ಲಿನಿಂದಲೇ. ಸಿಮೆಂಟನ್ನು ತಿನ್ನುವ ಆಸಿಡ್ ಪರಸಿಯನ್ನು ಬಿಡುತ್ತದೆಯೇ? ಬುರುಬುರು ನೊರೆ ಬರುತ್ತದೆ. ಆ ನೊರೆಯಲ್ಲಿ ಕಲ್ಲೂ ಹೋಗುತ್ತದೆ, ಸಂದೂ ಹೋಗುತ್ತದೆ. ಅದರ ಹೊಗೆ ನಮ್ಮ ಎದೆಗೆ, ಕಣ್ಣಿಗೆ. ಅಡುಗೆ ಮನೆಯ ಪರಸಿಯ ಮೇಲೆ ನಿಂಬೆ ರಸ, ಹುಣಸೆ ಹುಳಿ ಬಿದ್ದರೆ ಕಲೆ ಆಗುವುದೂ ಇದೇ ಕಾರಣಕ್ಕೆ.

ಕೈಗೆ ರಬ್ಬರ್ ಗವಸು ಕೇಳ್ರಿ. ಹಸಿ ಸಿಮೆಂಟು ಚರ್ಮ ಸುಡುತ್ತದೆ. ಮೊದಲಿಗೆ ಉರಿ ಗೊತ್ತಾಗುವುದಿಲ್ಲ. ರಾತ್ರಿ ರೊಟ್ಟಿ ಬಡಿಯುವಾಗ ಗೊತ್ತಾಗುತ್ತದೆ.

ಕೂಲಿಯ ಮಾತೂ ಹೇಳಿಬಿಡುತ್ತೇನೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ಒಂದೇ ತರಹದ ಕೆಲಸಕ್ಕೆ ಗಂಡು, ಹೆಣ್ಣು ಅಂತ ಕೂಲಿಯಲ್ಲಿ ಭೇದ ಮಾಡುವಂತಿಲ್ಲ. ಸಂದು ತುಂಬುವುದು ಕೈ ಪಳಗಿದವರ ಕೆಲಸ. ಕಲ್ಲು ಹೊತ್ತ ಕೂಲಿಯನ್ನು ಅದಕ್ಕೆ ಕೊಟ್ಟರೆ ಒಪ್ಪಬ್ಯಾಡ್ರಿ. ಈಗ ನಿಮಗೆ ಬರೆಯಲು ಬರುತ್ತದೆ. ಯಾವ ದಿನ, ಎಷ್ಟು ಕಲ್ಲು, ಹೀಗೆ ಮಾಡಿ ಅಂದವರು ಯಾರು, ಅಂದಂದೇ ನೋಟ್‌ಬುಕ್ಕಿನಲ್ಲಿ ಬರೆದಿಡ್ರಿ.

ತುಂಬಿದ ಸಂದಿಗೆ 7 ದಿನ ಹಸಿ ಗೋಣಿ ಹೊದಿಸಬೇಕು. ಬಿಸಿಲಿಗೆ ಬಿಟ್ಟರೆ ಬಿರುಕು ಬಿಡುತ್ತದೆ.

ಹೊರಗೆ ಬೇವಿನ ಮರದ ಕೆಳಗೆ ನಾಲ್ಕು ಪರಸಿ ಹಾಸಿದ್ದೀವಿ. ಬಕೀಟು, ಸ್ಪಂಜು, ಗವಸು ಎಲ್ಲಾ ಅಲ್ಲೇ ಅದಾವ. ಸೆರಗು ಕಟ್ಟಿಕೊಂಡು ಬರ್ರಿ.