ಯಂತ್ರದ ಪಹಣಿಗೂ ಲೆಕ್ಕ ಕೇಳಿ



ಹಿಂದೆ ಪಹಣಿ ಬೇಕೆಂದರೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಿತ್ತು. 2002ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಛೇರಿಯಲ್ಲಿ 15 ರೂಪಾಯಿಗೆ ನಕಲು ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಹಳೇ ಪುಸ್ತಕದಲ್ಲಿದ್ದ ತಪ್ಪನ್ನು ಯಂತ್ರ ತಾನಾಗಿ ತಿದ್ದುವುದಿಲ್ಲ, ಹಾಗೇ ಅಚ್ಚು ಹಾಕುತ್ತದೆ.

ಬಿತ್ತನೆ ಬೀಜ ಆರಿಸಿದ ಹಾಗೆ ಪಹಣಿಯನ್ನೂ ನೋಡಿ: ಹೆಸರು, ಸರ್ವೆ ನಂಬರು, ಎಕರೆ-ಗುಂಟೆ, ಬೆಳೆ. ಬೆಳೆ ತಪ್ಪಾಗಿ ನಮೂದಾದರೆ ಪರಿಹಾರಕ್ಕೇ ಕುತ್ತು. ತಪ್ಪಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ಅಲ್ಲೇ ಕೂತರೆ, ಅದರ ಗತಿಯೇನೆಂದು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಬರೆದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಸರ್ಕಾರಕ್ಕೆ ಖರ್ಚು ಉಳಿಯಲಿ, ಸಂತೋಷ. ಆ ಉಳಿತಾಯ ನಿಮ್ಮ ಓಡಾಟದ ಖರ್ಚಾಗಬಾರದು, ಅಷ್ಟೆ.